ರೋಜಾ-ಸಾನ್ ಬಗ್ಗೆ ನಾನು ಬರೆದ ಒಳ್ಳೆಯ ಮಾತು

ಜಪಾನಿನ ಹಮಾಮತ್ಸುವಿನಲ್ಲಿರುವ ಕನ್ನಡದವರ ನಡುವೆ ನನ್ನ ಕಾಯಿಲೆಯ ಕಥೆಗೆ ಒಂದು ಸಿದ್ಧ ರೂಪ ಬಂದುಬಿಟ್ಟಿದೆ. ಹಬ್ಬದೂಟಕ್ಕೆ ಸೇರಿದಾಗಲೆಲ್ಲ ಯಾರಾದರೊಬ್ಬರು ಹೊಸಬರಿಗೆ ನನ್ನನ್ನು ತೋರಿಸಿ ಹೇಳುತ್ತಾರೆ: “ಇವ್ಳೇ ಸಿಂಧು. ಹತ್ತೊಂಬತ್ತು ದಿನ ವೆಂಟಿಲೇಟರ್ ಮೇಲಿದ್ಲು. ಇಲ್ಲಿನ ನರ್ಸ್‌ಗಳು ದೇವತೆಗಳು ಕಣ್ರೀ, ಅವರೇ ಉಳಿಸಿದ್ದು. ಇವ್ಳೂ ಸುಮ್ನಿರ್ಲಿಲ್ಲ, ಜಾಪನೀಸ್‌ನಲ್ಲಿ ಥ್ಯಾಂಕ್ಸ್ ಲೆಟರ್ ಬರೆದ್ಲು. ಆಸ್ಪತ್ರೆಯವ್ರು ಅದನ್ನ ಗೋಡೆಗೆ ಹಾಕಿದಾರೆ, ಗೊತ್ತಾ?” ಆಮೇಲೆ ಫೋನು ಹೊರಬರುತ್ತದೆ. ನನ್ನ ಸಹೋದ್ಯೋಗಿ ಕಿರಣ್ ತೆಗೆದು ಗುಂಪಿಗೆ ಹಾಕಿದ ಫೋಟೋ. ಅದರಲ್ಲಿ ನನ್ನ ಪತ್ರ, ಅದರ ಕೆಳಗೆ ನಲವತ್ತೋ ಐವತ್ತೋ ಹೃದಯಗಳು. ಎಲ್ಲರೂ ನನ್ನ ಕಡೆ ನೋಡಿ ನಗುತ್ತಾರೆ.

ನನಗೆ ಈ ಕಥೆಯ ಬಗ್ಗೆ ಆಕ್ಷೇಪವಿದೆ. ಮೈಸೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾ ಸ್ಪರ್ಧೆಗಳಲ್ಲಿ ಮಾತಾಡಿದವಳು ನಾನು. ಚಪ್ಪಾಳೆ ಬಿದ್ದ ಮಾತನ್ನೇ ಮೊದಲು ಅನುಮಾನಿಸಬೇಕು ಎಂದು ಅಲ್ಲಿ ಕಲಿತೆ. ನರ್ಸುಗಳು ದೇವತೆಗಳಲ್ಲ. ದೇವತೆಗೆ ಸೊಂಟ ನೋಯುವುದಿಲ್ಲ, ರಜೆ ಬೇಕಿಲ್ಲ, ಮನೆಯಲ್ಲಿ ಜ್ವರ ಬಂದ ಮಗು ಇರುವುದಿಲ್ಲ. ಹಾಗೆ ಕರೆದುಬಿಟ್ಟರೆ ನಮಗೆ ಸುಲಭ, ಅವರಿಗೆ ಏನೂ ಸಿಗುವುದಿಲ್ಲ. ಇನ್ನೊಂದು, ಆ ಪತ್ರದಲ್ಲಿ ಹೆಸರು ಹಿಡಿದು ನಾನು ವಂದಿಸಿದ್ದು ಯಾವ ನರ್ಸಿಗೂ ಅಲ್ಲ. ನೆಲ ಒರೆಸುವ ಹೆಂಗಸಿಗೆ. ಕೊನೆಯ ಆಕ್ಷೇಪ ಫೋಟೋದ ಬಗ್ಗೆ. ಅದು ಅರ್ಧ ಫೋಟೋ. ಪತ್ರದ ಕೆಳಗೆ ಆಸ್ಪತ್ರೆಯ ಉತ್ತರವನ್ನೂ ಅಂಟಿಸಿದ್ದರು, ಕಿರಣ್ ಅದನ್ನು ಬಿಟ್ಟ. ಆ ಅರ್ಧವನ್ನು ಓದಿದ ದಿನದಿಂದ ಒಂದೇ ಪ್ರಶ್ನೆ ನನ್ನ ಬೆನ್ನು ಹತ್ತಿದೆ: ನನ್ನ ಥ್ಯಾಂಕ್ಸು ಆ ಹೆಂಗಸಿನ ಕೆಲಸ ಕಳೆಯಿತೇ?

ಶುರುವಾದದ್ದು ಪಾದಗಳಿಂದ. ನವೆಂಬರಿನ ಒಂದು ಸೋಮವಾರ ಬರಿಗಾಲಲ್ಲಿ ನಿಂತಿದ್ದರೂ ಕಾಲುಚೀಲ ಹಾಕಿದ ಹಾಗೆ ಅನ್ನಿಸಿತು. ಮಂಗಳವಾರ ಆಫೀಸಿನ ಮೆಟ್ಟಿಲು ಹತ್ತುವಾಗ ಕೈಕಂಬಿ ಹಿಡಿದೆ. ನಾನು ಕೆಲಸ ಮಾಡುವುದು ವಾಹನಗಳ ಬ್ರೇಕಿನ ಸಾಫ್ಟ್‌ವೇರ್ ಪರೀಕ್ಷಿಸುವ ತಂಡದಲ್ಲಿ. ಎಲ್ಲಿ ತಪ್ಪಿದೆ ಎಂದು ಹುಡುಕುವುದೇ ಕಸುಬು. ಬುಧವಾರ ಕಿರಣ್ ಕೇಳಿದ, “ಏನೇ, ಡ್ಯಾನ್ಸ್ ಮಾಡ್ತಿದೀಯಾ?” ನಾನು ನಡೆಯುತ್ತಿದ್ದೆ, ಅಷ್ಟೇ.

ಮನೆ ಹತ್ತಿರದ ಕ್ಲಿನಿಕ್ಕಿನ ವೈದ್ಯರು ಆಯಾಸ ಅಂದರು. ನಾನು ವಾದಿಸಿದೆ. ಆಯಾಸವಾದರೆ ಎರಡೂ ಕಾಲಿಗೆ ಒಂದೇ ಸಮ ಯಾಕೆ, ನಿನ್ನೆ ಪಾದದಲ್ಲಿದ್ದದ್ದು ಇವತ್ತು ಮೊಣಕಾಲಿಗೆ ಯಾಕೆ ಬಂತು? ಅವರು ಸಣ್ಣ ಸುತ್ತಿಗೆಯಿಂದ ನನ್ನ ಮೊಣಕಾಲು ತಟ್ಟಿದರು. ಕಾಲು ಹಾರಲಿಲ್ಲ. ಮತ್ತೆ ತಟ್ಟಿದರು. ಅವರ ಮುಖದಲ್ಲಿದ್ದ ನಗು ನಿಧಾನ ಮಡಚಿಕೊಂಡದ್ದು ನನಗೆ ಕಂಡಿತು. ವಾದ ನಾನು ಗೆದ್ದಿದ್ದೆ. ಗೆದ್ದು ಅಷ್ಟು ಭಯಪಟ್ಟದ್ದು ಅದೇ ಮೊದಲು.

ದೊಡ್ಡಾಸ್ಪತ್ರೆಯ ಕಾಯುವ ಕೋಣೆಯಲ್ಲಿ ಕೈಯಲ್ಲಿ ನಂಬರಿನ ಚೀಟಿ. ಪಕ್ಕದಲ್ಲಿ ಒಬ್ಬ ಅಜ್ಜ ಕಿತ್ತಳೆ ಬಣ್ಣದ ಮಫ್ಲರ್ ಸುತ್ತಿಕೊಂಡು ತೂಕಡಿಸುತ್ತಿದ್ದರು. ಪರದೆ ಮೇಲೆ ನನ್ನ ನಂಬರು ಬಂತು. ಏಳಲು ನೋಡಿದೆ. ಕಾಲುಗಳಿಗೆ ನನ್ನ ಮಾತು ಕೇಳಿಸಲೇ ಇಲ್ಲ. ನಂಬರು ಮತ್ತೆ ಮಿನುಗಿತು, ಸುತ್ತಲಿನವರು ಅತ್ತಿತ್ತ ನೋಡತೊಡಗಿದರು. “ಸುಮಿಮಾಸೆನ್,” ಕ್ಷಮಿಸಿ, ಎಂದೆ, ಯಾರಿಗೂ ಅಲ್ಲ, ಎಲ್ಲರಿಗೂ. ಈ ದೇಶದಲ್ಲಿ ಐದು ವರ್ಷ ಆ ಪದವನ್ನು ಬಾಯಿಮಾತಿಗೆ ಹೇಳಿದ್ದೆ. ಅವತ್ತು ನಿಜವಾಗಿ ಹೇಳಿದೆ.

ಕಾಯಿಲೆಯ ಹೆಸರು ಉದ್ದ, ಇಲ್ಲಿ ಬೇಡ. ಮೈ ತನ್ನ ನರಗಳನ್ನೇ ಶತ್ರು ಅಂದುಕೊಂಡು ಕಚ್ಚುತ್ತದೆ, ಸ್ವಲ್ಪ ಕಾಲದ ಮೇಲೆ ಬಿಡುತ್ತದೆ, ಹೆಚ್ಚಿನವರು ಎದ್ದು ನಡೆಯುತ್ತಾರೆ ಎಂದರು. ಆ ‘ಹೆಚ್ಚಿನವರು’ ಅನ್ನುವ ಮಾತನ್ನು ಹಿಡಿದು ನಾನು ಇನ್ನೂ ಪ್ರಶ್ನೆ ಕೇಳುತ್ತಿದ್ದೆ. ಮೂರನೆಯ ದಿನ ಕೈ ಹೋಯಿತು, ನಾಲ್ಕನೆಯ ದಿನ ನುಂಗುವುದು ಹೋಯಿತು, ಆಮೇಲೆ ಉಸಿರು. ಗಂಟಲಿಗೆ ಕೊಳವೆ ಹಾಕುವ ಮೊದಲು ವೈದ್ಯರು ಕೇಳಿದರು, ಏನಾದರೂ ಹೇಳುವುದಿದೆಯೇ? ಭಾಷಣದ ಕೊನೆಯಲ್ಲಿ ಹೇಳಲು ಸದಾ ಒಂದು ಸಾಲು ಇಟ್ಟುಕೊಳ್ಳುತ್ತಿದ್ದವಳು ನಾನು. “ಅಮ್ಮಂಗೆ ಈಗ್ಲೇ ಹೇಳ್ಬೇಡಿ,” ಎಂದೆ. ಅದನ್ನೂ ಕನ್ನಡದಲ್ಲಿ ಹೇಳಿದ್ದೆ ಎಂದು ಆಮೇಲೆ ತಿಳಿಯಿತು. ಯಾರಿಗೂ ಅರ್ಥವಾಗಿರಲಿಲ್ಲ.

ಅಮ್ಮನಿಗೆ ಕಿರಣ್ ಅವತ್ತೇ ಹೇಳಿದ. ಹತ್ತನೆಯ ದಿನ ಮಾಸ್ಕು, ಟೋಪಿ, ಹಳದಿ ಗೌನು ತೊಟ್ಟ ಒಂದು ಆಕಾರ ನನ್ನ ಹಾಸಿಗೆಯ ಪಕ್ಕ ನಿಂತಿತು. ನಿಂತ ರೀತಿಯಿಂದಲೇ ಅಮ್ಮ ಎಂದು ಗೊತ್ತಾಯಿತು. ನನ್ನ ಹೊದಿಕೆ ಸರಿಮಾಡಿದಳು. ಆಮೇಲೆ, “ಬಾಯಿಬಡುಕಿ ಬಾಯಿಬಡುಕಿ ಅಂತ ಬೈದು ಬೈದು ನಾನೇ ದೃಷ್ಟಿ ಹಾಕ್ದೆನೇನೋ. ಒಂದ್ ಮಾತಾಡೇ. ಜಗಳನಾದ್ರೂ ಆಡೇ,” ಅಂದಳು. ದೃಷ್ಟಿ ಗಿಷ್ಟಿ ಎಲ್ಲ ಸುಳ್ಳು ಎಂದು ಹದಿಮೂರನೆಯ ವಯಸ್ಸಿನಿಂದ ಅವಳೊಡನೆ ವಾದಿಸಿದ್ದೇನೆ. ಅವತ್ತು ನನ್ನ ಬಳಿ ಇದ್ದ ಭಾಷೆ ಎರಡೇ ಪದಗಳದ್ದು. ಕಣ್ಣು ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ. ನಾನು ಎರಡು ಸಲ ಮುಚ್ಚಿದೆ. ಅಮ್ಮನಿಗೆ ಆ ಕರಾರು ಇನ್ನೂ ಯಾರೂ ಹೇಳಿರಲಿಲ್ಲ. ಕಣ್ಣಿಗೆ ಕಸ ಬಿದ್ದಿದೆ ಎಂದು ನರ್ಸನ್ನು ಕರೆದಳು.

ಬಂದವಳು ಇಶಿಕಾವಾ-ಸಾನ್. ಇಲ್ಲಿ ಹೆಸರಿಗೆ ‘ಸಾನ್’ ಸೇರಿಸುವುದು ಮರ್ಯಾದೆ. ಇಪ್ಪತ್ತನಾಲ್ಕು, ಇಪ್ಪತ್ತೈದು ವಯಸ್ಸಿರಬಹುದು. ದೇವತೆ ಅಲ್ಲ ಅಂದೆನಲ್ಲ, ಅವಳಿಗೆ ಸಲ್ಲಬೇಕಾದ್ದನ್ನು ಸರಿಯಾಗಿ ಸಲ್ಲಿಸುತ್ತೇನೆ. ಏನು ಮಾಡುವ ಮೊದಲೂ ನನಗೆ ಹೇಳುತ್ತಿದ್ದಳು: ಈಗ ಎಡಕ್ಕೆ ತಿರುಗಿಸುತ್ತೇನೆ, ಈಗ ಬಾಯಿ ಒರೆಸುತ್ತೇನೆ, ತಣ್ಣಗಿರುತ್ತದೆ, ಕ್ಷಮಿಸಿ. ಮರದ ಕೊರಡಿನ ಹಾಗೆ ಬಿದ್ದಿದ್ದವಳ ಅನುಮತಿ ಕೇಳುತ್ತಿದ್ದಳು. ಅವಳ ಮಣಿಕಟ್ಟಿನ ಮೇಲೆ ಪೆನ್ನಿನಿಂದ ಗೀಚಿಕೊಂಡ ಗಂಟೆಗಳು, ಔಷಧಿಗಳು. ಒಮ್ಮೆ ನನ್ನನ್ನು ತಿರುಗಿಸುವಾಗ ಅವಳ ಬೆನ್ನಿನಲ್ಲಿ ಏನೋ ಹಿಡಿದುಕೊಂಡಿತು. ಅರ್ಧ ನಿಮಿಷ ಹಾಸಿಗೆಯ ಸರಳು ಹಿಡಿದು ಕಣ್ಣು ಮುಚ್ಚಿ ನಿಂತಳು. ಆಮೇಲೆ ನನ್ನ ಹತ್ತಿರವೇ ಕ್ಷಮೆ ಕೇಳಿದಳು.

ಆದರೆ ನರ್ಸುಗಳು ಬಂದವರು ಮೊದಲು ನೋಡುತ್ತಿದ್ದದ್ದು ಯಂತ್ರದ ಪರದೆಯನ್ನು. ಅದು ಸರಿಯೇ, ನನ್ನ ಜೀವ ಇದ್ದದ್ದು ಅಲ್ಲಿ. ಪರದೆಯಲ್ಲಿ ಕಾಣದ್ದು ಒಂದಿತ್ತು. ತುರಿಕೆ.

ಈ ಕಾಯಿಲೆಯಲ್ಲಿ ಮಲಗಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ವಿವರಿಸಬೇಕಿಲ್ಲ. ನನಗೆ ಸಾವಿನ ಭಯ ಗಂಟೆಗೊಮ್ಮೆ ಬರುತ್ತಿತ್ತು. ಎಡ ಹುಬ್ಬಿನ ತುರಿಕೆ ಹೋಗುತ್ತಲೇ ಇರಲಿಲ್ಲ. ಒಂದು ಇರುವೆ ಅಲ್ಲೇ ಮನೆ ಮಾಡಿದ ಹಾಗೆ. ಅದರಿಂದ ಗಮನ ಸರಿಸಲು ಹಳೆಯ ಚರ್ಚಾ ವಿಷಯಗಳನ್ನೆಲ್ಲ ಮನಸ್ಸಿನಲ್ಲೇ ಮಾತಾಡಿ ಮುಗಿಸಿದೆ. ಮರಣದಂಡನೆಯ ಪರ, ವಿರೋಧ. ಪರೀಕ್ಷೆ ಬೇಕು, ಬೇಡ. ಇರುವೆ ಅಲ್ಲೇ ಇತ್ತು. “ನೋವಿದೆಯಾ?” ಎಂದು ಇಶಿಕಾವಾ-ಸಾನ್ ಕೇಳುವಳು. ಎರಡು ಸಲ ಕಣ್ಣು. “ಬಿಸಿಯಾಗುತ್ತಿದೆಯಾ?” ಎರಡು ಸಲ. ಅವಳ ಪಟ್ಟಿಯಲ್ಲಿ ತುರಿಕೆ ಇರಲಿಲ್ಲ.

ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ಒಂದು ಟ್ರಾಲಿ ಬರುತ್ತಿತ್ತು. ಅದರ ಒಂದು ಚಕ್ರ ಕಿರ್ರೆನ್ನುತ್ತಿತ್ತು. ತಳ್ಳಿಕೊಂಡು ಬರುವ ಹೆಂಗಸು ಕುಳ್ಳಿ, ಐವತ್ತೈದರ ಆಸುಪಾಸು, ತಿಳಿನೀಲಿ ಏಪ್ರನ್, ಮಾಸ್ಕಿನ ಮೇಲೆ ಎರಡು ಕಣ್ಣು. ಬ್ಯಾಡ್ಜಿನಲ್ಲಿ ಹೆಸರು: ರೋಜಾ. ಬ್ರೆಜಿಲಿನಿಂದ ಬಂದವಳು. ಈ ಊರಿನ ಕಾರ್ಖಾನೆಗಳಿಗೆ ದುಡಿಯಲು ಅಲ್ಲಿಂದ ಬಂದ ಜಪಾನೀ ಮೂಲದ ಕುಟುಂಬಗಳು ಇಲ್ಲಿ ಬಹಳ, ಅಂಥವರಲ್ಲಿ ಒಬ್ಬಳು. ಆಸ್ಪತ್ರೆಯ ನೌಕರಳೂ ಅಲ್ಲ, ಗುತ್ತಿಗೆ ಕಂಪನಿಯವಳು. ಪರದೆ ನೋಡುವುದು ಅವಳ ಕೆಲಸವಲ್ಲ. ಅದಕ್ಕೇ ಇರಬೇಕು, ಮುಖ ನೋಡಿದಳು.

ಹಾಸಿಗೆಯ ಸರಳು ಒರೆಸುತ್ತಿದ್ದವಳು ನಿಂತಳು. ನನ್ನ ಕಣ್ಣಿಗೆ ಕಣ್ಣಿಟ್ಟು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಾಜಿನ ಬಾಗಿಲ ಕಡೆ ಒಂದು ನೋಟ. ಕೈಗವಸು ಕಳಚಿದಳು, ಗೋಡೆಯ ಬಾಟಲಿಯಿಂದ ಕೈಗೆ ಸ್ಯಾನಿಟೈಸರ್ ಒತ್ತಿ ಉಜ್ಜಿಕೊಂಡಳು, ಬೆರಳಿನ ಗಿಣ್ಣನ್ನು ನನ್ನ ಮೂಗಿನ ಮೇಲಿಟ್ಟಳು. “ಕೊಕೋ?” ಇಲ್ಲಿಯೇನಾ? ಎರಡು ಸಲ ಕಣ್ಣು. ಬಲ ಹುಬ್ಬು. “ಕೊಕೋ?” ಎರಡು ಸಲ. ಎಡ ಹುಬ್ಬು. “ಕೊಕೋ?”

ನಾನು ಕಣ್ಣು ಮುಚ್ಚಿದೆ. ಮತ್ತೆ ತೆರೆಯಲೇ ಇಲ್ಲ.

ಅವಳು ತುರಿಸಿದಳು. ಆಹಾ, ತುರಿಸಿದಳು! ಇಪ್ಪತ್ತು ಸೆಕೆಂಡಿರಬಹುದು. ಕಣ್ಣಿಂದ ನೀರು ಕಿವಿಗೆ ಇಳಿಯಿತು, ಅದನ್ನೂ ಒರೆಸಿದಳು. ಕೈಗವಸು ಹಾಕಿಕೊಂಡು ನೆಲ ಒರೆಸಿ ಹೋದಳು. ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನವೂ. ತುರಿಸುತ್ತಾ ತನ್ನ ಮುರುಕು ಜಪಾನೀಯಲ್ಲಿ ಏನೇನೋ ಹೇಳುವಳು: ಹೊರಗೆ ಗಾಳಿ, ಸೈಕಲ್ ಬಿತ್ತು. ಈರುಳ್ಳಿ ಚೆನ್ನಾಗಿ ಬಂದಿದೆ. ಮಗಳು ಫೋನ್ ಮಾಡಲ್ಲ. ನನ್ನ ದಿನಕ್ಕೆ ಒಂದು ಬೆಳಗು ಇತ್ತೆಂದರೆ ಅದು ಆ ಚಕ್ರದ ಕಿರ್ರು. ಉಳಿದ ಇಪ್ಪತ್ತಮೂರು ಗಂಟೆ ಐವತ್ತೊಂಬತ್ತು ನಿಮಿಷ ಅದಕ್ಕಾಗಿ ಕಾಯುತ್ತಿದ್ದೆ.

ಜನವರಿಯ ಹೊತ್ತಿಗೆ ಕೊಳವೆ ತೆಗೆದು, ಗಂಟಲಿನ ತೂತು ಮುಚ್ಚಿ, ನನ್ನನ್ನು ಮೇಲಿನ ಮಹಡಿಯ ವಾರ್ಡಿಗೆ ಹಾಕಿದರು. ದನಿ ಒಡಕಲು ತಮಟೆಯ ಹಾಗೆ ವಾಪಸ್ಸು ಬಂತು. ಬಂದ ಮೊದಲ ವಾರವೇ ಅಮ್ಮನೊಡನೆ ಜಗಳ. ಅವಳು ಮೈಸೂರಿನಿಂದ ಬರುವಾಗಲೇ ಒಂದು ಡಬ್ಬಿ ಕುಂಕುಮ, ಹನ್ನೆರಡು ರವಿಕೆ ಕಣ ತಂದಿದ್ದಳು. ಮಗಳು ಬದುಕುತ್ತಾಳೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ ರವಿಕೆ ಕಣ ಎಣಿಸಿ ಸೂಟ್‌ಕೇಸಿಗೆ ಹಾಕಿದವಳು! ಅವನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ನರ್ಸುಗಳ ಮೇಜಿನ ಹತ್ತಿರ ಹೋದಳು. ಹಿರಿಯ ನರ್ಸು ಎರಡೂ ಕೈ ಮುಂದೆ ಮಾಡಿ, ಬಗ್ಗಿ ಬಗ್ಗಿ, ರೋಗಿಗಳಿಂದ ಏನೂ ತೆಗೆದುಕೊಳ್ಳುವಂತಿಲ್ಲ ಎಂದು ಹಿಂದಕ್ಕೆ ಕಳಿಸಿದಳು. ಅಮ್ಮ ಕೆಂಪಗಾಗಿ ಬಂದಳು.

“ಹೆಣ್ಮಕ್ಕಳಿಗೆ ಕುಂಕುಮ ಕೊಡದೆ ಕಳ್ಸೋ ಮನೆಯೇನೇ ನಮ್ದು?”

“ಅಮ್ಮಾ, ಅವ್ರು ನಮ್ಮನೆಗೆ ಬಂದಿಲ್ಲ. ನಾವು ಅವರ ಆಸ್ಪತ್ರೆಗೆ ಬಂದಿರೋದು.”

“ನಿನ್ನ ಕುಂಡೆ ತೊಳ್ದಿದಾರೆ ಅವ್ರು. ಇನ್ನೆಲ್ಲಿಗೆ ಬರ್ಬೇಕು?”

ನಾನು ವಿಷಯ ಬದಲಿಸಿ ರೋಜಾ-ಸಾನ್ ಕಥೆ ಹೇಳಿದೆ. ಅಮ್ಮ ಕೇಳುತ್ತ ಕೇಳುತ್ತ ನನ್ನ ಎಡ ಹುಬ್ಬನ್ನೇ ನೋಡಿದಳು. ಮರುದಿನ ಲಿಫ್ಟಿನ ಹತ್ತಿರ ಕಾದು ನಿಂತು ರೋಜಾ-ಸಾನ್ ಕೈಗೆ ಒಂದು ರವಿಕೆ ಕಣ, ಕುಂಕುಮದ ಪೊಟ್ಟಣ ತುರುಕಿ ಬಂದಳು.

“ತಗೊಂಡ್ರಾ?”

“ಕಣ್ಣಿಗೊತ್ಕೊಂಡ್ಲು ಕಣೆ. ಏಪ್ರನ್ ಒಳಗೆ ಇಟ್ಕೊಂಡ್ಲು. ಯಾರೂ ನೋಡ್ಲಿಲ್ಲ ಬಿಡು.”

“ಅದು ಥ್ಯಾಂಕ್ಸ್ ಅಲ್ಲಮ್ಮ, ಸ್ಮಗ್ಲಿಂಗು. ಯಾರೂ ನೋಡದೆ ಹೇಳಿದ ಥ್ಯಾಂಕ್ಸ್‌ನಿಂದ ಅವ್ರಿಗೇನು ಬಂತು? ನೆಲ ಒರೆಸೋ ಹೆಂಗ್ಸನ್ನ ಅಲ್ಲಿ ಯಾರೂ ಮನುಷ್ಯರ ಲೆಕ್ಕಕ್ಕೇ ಹಿಡಿಯಲ್ಲ. ರೆಕಾರ್ಡ್ ಮೇಲೆ ಬರ್ಬೇಕು. ಅವರ ಬಾಸ್ ಓದ್ಬೇಕು.”

“ನೀನುಂಟು, ನಿನ್ನ ರೆಕಾರ್ಡುಂಟು,” ಎಂದು ಅಮ್ಮ ಕಿತ್ತಳೆ ಸುಲಿಯತೊಡಗಿದಳು.

ವಾರ್ಡಿನ ಮೂಲೆಯಲ್ಲಿ ಅಭಿಪ್ರಾಯ ಪೆಟ್ಟಿಗೆ ಇತ್ತು. ರೋಗಿಗಳು ಬರೆದದ್ದನ್ನು ಆಸ್ಪತ್ರೆ ತನ್ನ ಉತ್ತರದೊಂದಿಗೆ ಕೆಳಗಿನ ಮಹಡಿಯ ಫಲಕಕ್ಕೆ ಹಚ್ಚುತ್ತಿತ್ತು. ಹಾಗೆ ಪಾರದರ್ಶಕವಾಗಿರುವುದು ನನಗೆ ಬಹಳ ಹಿಡಿಸಿತು. ಕೈ ಇನ್ನೂ ನಡುಗುತ್ತಿತ್ತು. ಎರಡು ದಿನ ಹಿಡಿದು ಬರೆದೆ. ಸುಮ್ಮನೆ ಹೊಗಳಿದರೆ ಯಾರೂ ನಂಬುವುದಿಲ್ಲ, ಸಾಕ್ಷ್ಯ ಬೇಕು ಎನ್ನುವುದು ನನ್ನ ತರಬೇತಿ. ಹೆಸರು, ಕೋಣೆ, ದಿನ, ಗಂಟೆ. ಕೈಗವಸು ತೆಗೆದದ್ದು. ಕೈ ಶುದ್ಧ ಮಾಡಿಕೊಂಡದ್ದು. ಹದಿನಾಲ್ಕು ಬೆಳಗು, ಎಡ ಹುಬ್ಬು.

ನಾನು ಜಪಾನೀ ಮಾತಾಡುತ್ತೇನೆ, ಬರೆದರೆ ಮಕ್ಕಳ ಬರಹ. ತಿದ್ದಿಕೊಡಲು ಇಶಿಕಾವಾ-ಸಾನ್ ಒಪ್ಪಿದಳು. ತನ್ನ ಪಾಳಿ ಮುಗಿಸಿ, ಕೆಳಗಿನಿಂದ ಮೇಲೆ ಬಂದು, ನನ್ನ ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡಳು. ಕೈಯಲ್ಲಿ ಪೆನ್ಸಿಲ್. ಮೊದಲ ಪ್ಯಾರಾದಲ್ಲಿ ನರ್ಸುಗಳ ಬಗ್ಗೆ ಬರೆದದ್ದನ್ನು ಓದಿ ಮಾಸ್ಕಿನೊಳಗೇ ನಕ್ಕಳು. ಎರಡನೆಯ ಪ್ಯಾರಾಕ್ಕೆ ಬಂದು ಅವಳ ಪೆನ್ಸಿಲ್ ನಿಂತಿತು. ರೋಜಾ-ಸಾನ್ ಕೈಗವಸು ತೆಗೆದ ಸಾಲಿನ ಕೆಳಗೆ ತೀರಾ ತೆಳುವಾದ ಒಂದು ಗೆರೆ ಎಳೆದಳು.

“ಸಿಂಧು-ಸಾನ್, ಇದು… ಚೊತ್ತೊ…”

ಚೊತ್ತೊ ಅಂದರೆ ‘ಸ್ವಲ್ಪ’. ಇಲ್ಲಿ ಒಂದು ವರ್ಷ ಇದ್ದವರಿಗೂ ಗೊತ್ತು, ಹೀಗೆ ಹೇಳಿ ವಾಕ್ಯವನ್ನು ಅಲ್ಲೇ ಬಿಟ್ಟರೆ ಅದರ ಅರ್ಥ ‘ಬೇಡ’. ನನಗೂ ಗೊತ್ತಿತ್ತು. ನಾನು ಇಲ್ಲಿ ಐದು ವರ್ಷ ಕಳೆದವಳು. ಇದನ್ನು ನಾನು ಮರೆಮಾಚುವುದಿಲ್ಲ: ನನಗೆ ಅರ್ಥವಾಗಿತ್ತು. ಆದರೆ ಚರ್ಚೆಯಲ್ಲಿ ನಮಗೆ ಕಲಿಸಿದ ಇನ್ನೊಂದು ನಿಯಮವಿದೆ. ಕಾರಣ ಕೊಡದ ಆಕ್ಷೇಪ ಆಕ್ಷೇಪವಲ್ಲ. ಖಂಡಿಸದೆ ಬಿಟ್ಟ ವಾದ ಒಪ್ಪಿದ ವಾದ.

“ಯಾಕೆ? ಭಾಷೆ ತಪ್ಪಾ?”

“ಭಾಷೆ ಸರಿ ಇದೆ. ಆದರೆ ಇಷ್ಟು ವಿವರ… ಮನಸ್ಸು ಮುಟ್ಟುತ್ತದೆ, ಇಲ್ಲದಿದ್ದರೂ.”

“ವಿವರ ಇಲ್ಲದಿದ್ದರೆ ಯಾರ ಮನಸ್ಸೂ ಮುಟ್ಟಲ್ಲ. ‘ಶುಚಿ ಸಿಬ್ಬಂದಿಗೂ ಧನ್ಯವಾದ’ ಅಂತ ಬರೆದರೆ ಅದು ಗೋಡೆಯ ಬಣ್ಣಕ್ಕೆ ಥ್ಯಾಂಕ್ಸ್ ಹೇಳಿದ ಹಾಗೆ. ನೀವು ನರ್ಸುಗಳಿಗೆ ಎಲ್ಲರೂ ಬರೆಯುತ್ತಾರೆ. ಅವರಿಗೆ ಯಾರು ಬರೆಯುತ್ತಾರೆ? ನನ್ನ ನೋವು ಪರದೆಯಲ್ಲಿ ಕಾಣಲಿಲ್ಲ, ಅವರಿಗೆ ಕಂಡಿತು. ಅದು ನಿಮ್ಮ ತರಬೇತಿಗೂ ಒಳ್ಳೆಯದಲ್ಲವಾ?”

ಇಶಿಕಾವಾ-ಸಾನ್ ಪೆನ್ಸಿಲನ್ನು ಬೆರಳುಗಳ ನಡುವೆ ತಿರುಗಿಸಿದಳು. ನಾನು ಮಾತಾಡುತ್ತಲೇ ಇದ್ದೆ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗುತ್ತಿತ್ತು. ಎರಡು ತಿಂಗಳ ನಂತರ ಮೊದಲ ಸಲ ಪೂರಾ ಒಂದು ವಾದ ಕಟ್ಟುತ್ತಿದ್ದೆ, ಒಡಕು ದನಿ ಅರ್ಧಕ್ಕೇ ಕೈಕೊಡುತ್ತಿರಲಿಲ್ಲ. ಕೊನೆಗೆ ಅವಳು, “ನರುಹೊದೊ,” ಎಂದಳು. ಹೌದಲ್ಲವೇ, ಎಂಬಂತೆ. ಒಂದು ಕ್ರಿಯಾಪದದ ಕೊನೆ ತಿದ್ದಿ, ಕಾಗದವನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು, ಬಗ್ಗಿ ಹೋದಳು. ತೆಳು ಗೆರೆಯನ್ನು ಅಳಿಸಲಿಲ್ಲ. ಅದನ್ನು ನಾನೇ ರಬ್ಬರಿನಿಂದ ಅಳಿಸಿದೆ. ಬೆರಳುಗಳಿಗೆ ವ್ಯಾಯಾಮವಾಯಿತು ಎಂದು ಹೆಮ್ಮೆಪಟ್ಟೆ.

ಮಾರ್ಚಿನಲ್ಲಿ ಕೋಲು ಹಿಡಿದು ಮನೆಗೆ ಬಂದೆ. ಅಮ್ಮ ಮೈಸೂರಿಗೆ ಹೋದಳು. ಏಪ್ರಿಲಿನಲ್ಲಿ ನನ್ನ ವಿಮೆಯ ಕಾಗದ ತರಲು ಹೋದ ಕಿರಣ್ ಫಲಕ ನೋಡಿ ಫೋಟೋ ಕಳಿಸಿದ, ಹೃದಯಗಳ ಸುರಿಮಳೆಯಾಯಿತು. ಪತ್ರದಲ್ಲಿ ರೋಜಾ ಎಂಬ ಹೆಸರಿದ್ದ ಕಡೆ ಎರಡು ಸೊನ್ನೆ ಸುತ್ತಿದ್ದರು. ಖಾಸಗಿತನಕ್ಕೆ ಇಲ್ಲಿ ಹಾಗೆ ಮಾಡುತ್ತಾರೆ. ನನಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಮೇ ತಿಂಗಳ ತಪಾಸಣೆಗೆ ಹೋದಾಗ ಫಲಕದ ಮುಂದೆ ನಾನೇ ನಿಂತೆ. ಪತ್ರದ ಕೆಳಗೆ ಮುದ್ದಾದ ಅಕ್ಷರಗಳಲ್ಲಿ ಉತ್ತರವಿತ್ತು. ಅಮೂಲ್ಯ ಅಭಿಪ್ರಾಯಕ್ಕೆ ಕೃತಜ್ಞತೆಗಳು. ಶುಚಿ ಸಿಬ್ಬಂದಿ ರೋಗಿಯ ದೇಹವನ್ನು ಮುಟ್ಟುವುದು ಸೋಂಕು ತಡೆಯ ನಿಯಮಕ್ಕೆ ವಿರುದ್ಧವಾದುದು. ಸತ್ಯಾಂಶ ಪರಿಶೀಲಿಸಿ ಗುತ್ತಿಗೆ ಸಂಸ್ಥೆಗೆ ಕಟ್ಟುನಿಟ್ಟಿನ ಸೂಚನೆ ನೀಡಲಾಗಿದೆ. ಮುಂದೆ ಇಂಥದು ಮರುಕಳಿಸದಂತೆ ಎಚ್ಚರ ವಹಿಸುತ್ತೇವೆ. ತಮಗೆ ಉಂಟಾದ ಆತಂಕಕ್ಕಾಗಿ ಹೃತ್ಪೂರ್ವಕ ಕ್ಷಮೆ ಕೋರುತ್ತೇವೆ.

ನನ್ನ ಕ್ಷಮೆ ಕೇಳಿದ್ದರು. ಅವಳು ನನ್ನ ಹುಬ್ಬು ತುರಿಸಿದ್ದಕ್ಕಾಗಿ.

ಕೋಲೂರುತ್ತ ನಾನು ವೆಂಟಿಲೇಟರ್ ಮೇಲಿದ್ದ ಮಹಡಿಗೆ ಹೋದೆ. ಕಾರಿಡಾರಿನಲ್ಲಿ ಟ್ರಾಲಿ ನಿಂತಿತ್ತು, ಪಕ್ಕದಲ್ಲಿ ಎತ್ತರದ ಬೇರೆ ಹೆಂಗಸು. ಹಿರಿಯ ನರ್ಸನ್ನು ಕೇಳಿದೆ. ಸಿಬ್ಬಂದಿ ಬದಲಾವಣೆ ಗುತ್ತಿಗೆ ಸಂಸ್ಥೆಯ ವಿಷಯ, ನಮಗೆ ತಿಳಿಯದು ಎಂದು ಬಗ್ಗಿದಳು. ಸಂಸ್ಥೆಗೆ ಫೋನ್ ಮಾಡಿದರೆ, ನೌಕರರ ಮಾಹಿತಿ ಕೊಡಲಾಗದು, ಏನಾದರೂ ದೂರು ಇದೆಯೇ ಎಂದು ಕೇಳಿದರು. “ಇಲ್ಲ! ದೂರಲ್ಲ, ಯಾವತ್ತೂ ದೂರಲ್ಲ,” ಎಂದು ಕೂಗಿಬಿಟ್ಟೆ. ಇನ್ನೊಂದು ಮಾತಾಡಿದರೆ ಇನ್ನೇನಾಗುತ್ತದೋ ಎಂದು ಹೆದರಿ ಫೋನಿಟ್ಟೆ.

ಸ್ಟೇಷನ್ನಿನಾಚೆಯ ಬ್ರೆಜಿಲ್ ಅಂಗಡಿಗೆ ಹೋಗಿ ವಿಚಾರಿಸಿದೆ. “ಯಾವ ರೋಜಾ? ನಮ್ಮಲ್ಲಿ ಇಪ್ಪತ್ತು ಜನ ಇದ್ದಾರೆ. ನೋಡಲು ಹೇಗಿದ್ದಾಳೆ?” ಎಂದಳು ಗಲ್ಲಾದಲ್ಲಿ ಕೂತಿದ್ದವಳು. ಕುಳ್ಳಗೆ, ಎಂದು ಕೈಯಲ್ಲಿ ಎತ್ತರ ತೋರಿಸಿದೆ. ಆ ಹೆಂಗಸಿನ ಮೂಗು, ಬಾಯಿ, ಗದ್ದ ನಾನು ಯಾವತ್ತೂ ನೋಡಿಲ್ಲ. ಅದೇ ಅಂಗಡಿಯಲ್ಲಿ ಬ್ರೆಡ್ಡು ಆರಿಸುತ್ತಿದ್ದವರಲ್ಲಿ ಅವಳಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಅವಳಿಗೆ ತಿಳಿದಿದ್ದರೆ? ನನ್ನನ್ನು ಕಂಡು ಬೆನ್ನು ತಿರುಗಿಸಿ ನಿಂತಿದ್ದರೆ? ಅವತ್ತಿನಿಂದ ಕುಳ್ಳಗಿನ ಹೆಂಗಸರ ಬೆನ್ನು ಕಂಡರೆ ನನ್ನ ಹೆಜ್ಜೆ ತಪ್ಪುತ್ತದೆ.

ಎರಡೂ ಪಕ್ಷ ನಾನೇ ವಾದಿಸಿ ನೋಡಿದ್ದೇನೆ. ಪತ್ರ ಮೊದಲು ಬಂತು, ಅವಳು ಆಮೇಲೆ ಹೋದಳು. ಅಷ್ಟರಿಂದ ಪತ್ರವೇ ಕಾರಣ ಎಂದು ಸಾಬೀತಾಗುವುದಿಲ್ಲ. ಮಾರ್ಚಿಗೆ ಇಲ್ಲಿ ನೂರಾರು ಗುತ್ತಿಗೆಗಳು ಮುಗಿಯುತ್ತವೆ. ಬೇರೆ ಆಸ್ಪತ್ರೆಗೆ ಹಾಕಿರಬಹುದು, ಮಗಳ ಊರಿಗೆ ಹೋಗಿರಬಹುದು. ನಿಯಮವೂ ತಪ್ಪಲ್ಲ. ಕಸದ ಬುಟ್ಟಿ ಮುಟ್ಟಿದ ಕೈ ಕೊಳವೆ ಹಾಕಿಕೊಂಡವರ ಮುಖ ಮುಟ್ಟಬಾರದು. ಆ ವಿಷಯ ಕೊಟ್ಟು ಪರವಾಗಿ ಮಾತಾಡು ಎಂದಿದ್ದರೆ ನಾನು ಬಹುಮಾನ ತರುತ್ತಿದ್ದೆ. ವಾದ ಚೆನ್ನಾಗಿ ನಿಲ್ಲುತ್ತದೆ. ಬೆಳಗ್ಗೆ ಒಂಬತ್ತೂವರೆಗೆ ಎಡ ಹುಬ್ಬು ತುರಿಸಲು ಶುರುವಾಗುತ್ತದೆ, ಇವತ್ತಿಗೂ. ಆಫೀಸಿನ ಮೀಟಿಂಗಿನಲ್ಲಿ ಕೂತಿರುತ್ತೇನೆ. ಕೈ ಈಗ ಚೆನ್ನಾಗಿ ಏಳುತ್ತದೆ. ಎತ್ತುವುದಿಲ್ಲ. ಇರಲಿ ಎಂದು ಬಿಡುತ್ತೇನೆ. ಕಿವಿ ತಾನಾಗಿ ಚಕ್ರದ ಶಬ್ದಕ್ಕೆ ಕಾಯುತ್ತದೆ.

ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ನಾನಾಗಲೇ ಹೇಳಿರಲಿಲ್ಲವಾ ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ.

“ಬೇರೆ ಕೆಲ್ಸ ಸಿಕ್ಕಿರತ್ತೆ ಬಿಡೆ ಅವ್ಳಿಗೆ.”

“ನಿಂಗೆ ಹೇಗೆ ಗೊತ್ತು?”

“ಗೊತ್ತಿಲ್ಲ. ನಿಂಗೆ ಊಟ ಸೇರ್ಲಿ ಅಂತ ಹೇಳ್ದೆ.”

ಅಕ್ಟೋಬರಿನ ತಪಾಸಣೆಯ ದಿನ ಆಸ್ಪತ್ರೆಯ ಕೆಳಗಿನ ಕೊಂಬಿನಿ ಅಂಗಡಿಯಲ್ಲಿ ಕಾಫಿ ತೆಗೆದುಕೊಳ್ಳುತ್ತಿದ್ದಾಗ ಯಾರೋ, “ಸಿಂಧು-ಸಾನ್?” ಎಂದರು. ಇಶಿಕಾವಾ-ಸಾನ್. ಕೈಯಲ್ಲಿ ಅನ್ನದ ಉಂಡೆಯ ಪೊಟ್ಟಣ. ಕೋಲಿಲ್ಲದೆ ನಿಂತ ನನ್ನ ಕಾಲು ನೋಡಿ ಅವಳ ಕಣ್ಣು ತುಂಬಿತು. ಹೊರಗಿನ ಬೆಂಚಿನ ಮೇಲೆ ಕೂತೆವು. ಗಾಳಿ ಜೋರಾಗಿತ್ತು. ನಾನು ಬಳಸುಮಾತು ಬಲ್ಲವಳಲ್ಲ, ನೇರ ಕೇಳಿದೆ.

“ರೋಜಾ-ಸಾನ್ ಎಲ್ಲಿ?”

ಅವಳು ಪೊಟ್ಟಣದ ಅಂಚನ್ನು ಉಗುರಿನಿಂದ ಗೀರಿದಳು. “ಮಾರ್ಚಿನವರೆಗೆ ಇದ್ದರು. ಒಂದು ದಿನ ಟ್ರಾಲಿ ಬೇರೆಯವರು ತಂದರು. ನಮಗೆ ಹೇಳುವುದಿಲ್ಲ.”

“ನನ್ನ ಪತ್ರದಿಂದಲಾ?”

“ಗೊತ್ತಿಲ್ಲ. ನಿಜವಾಗಿ ಗೊತ್ತಿಲ್ಲ.” ರಸ್ತೆಯ ಕಡೆ ನೋಡುತ್ತ ಹೇಳಿದಳು, “ಅವರು ನಿಮಗೆ ಹಾಗೆ ಮಾಡುತ್ತಿದ್ದದ್ದು ನಮಗೆ ಗೊತ್ತಿತ್ತು, ಸಿಂಧು-ಸಾನ್. ಗಾಜಿನಿಂದ ಕಾಣುತ್ತಿತ್ತು. ಆ ಹೊತ್ತಿಗೆ ನಾನು ಪಕ್ಕದ ಹಾಸಿಗೆಗೆ ಹೋಗುತ್ತಿದ್ದೆ. ಎಲ್ಲರೂ ಹೋಗುತ್ತಿದ್ದೆವು. ನೋಡಿದರೆ ವರದಿಯಲ್ಲಿ ಬರೆಯಬೇಕಾಗುತ್ತದೆ.”

ಹದಿನಾಲ್ಕು ಬೆಳಗು ರೋಜಾ-ಸಾನ್ ಬಾಗಿಲ ಕಡೆ ನೋಡಿದಾಗ, ಬಾಗಿಲಿನಾಚೆ ಅಷ್ಟೂ ಹೆಂಗಸರು ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದರು. ನನಗಾಗಿ. ನನ್ನ ಪತ್ರದಲ್ಲಿ ಅದೊಂದಕ್ಕೆ ಥ್ಯಾಂಕ್ಸ್ ಇರಲಿಲ್ಲ.

ಇಶಿಕಾವಾ-ಸಾನ್ ಗಡಿಯಾರ ನೋಡಿ ಎದ್ದಳು. ನಾನೂ ಎದ್ದೆ, ಅವಳ ತೋಳು ಹಿಡಿದೆ. ಇಲ್ಲಿ ಯಾರೂ ಹಾಗೆ ಹಿಡಿಯುವುದಿಲ್ಲ.

“ಅವತ್ತು ಆ ಸಾಲಿನ ಕೆಳಗೆ ಗೆರೆ ಎಳೆದಿರಿ. ಏನಾಗುತ್ತದೆ ಅಂತ ನಿಮಗೆ ಗೊತ್ತಿತ್ತು. ಒಂದು ವಾಕ್ಯ ಸಾಕಿತ್ತು, ಇಶಿಕಾವಾ-ಸಾನ್. ನನ್ನನ್ನು ಯಾಕೆ ಗೆಲ್ಲೋಕೆ ಬಿಟ್ಟಿರಿ?”